ಒಂದು ಮನೆಗೆ ಬೇರೆ ಬೆಳಗು

ನಮ್ಮ ಊರಿನಲ್ಲಿ ಬೆಳಗು ಕಚೇರಿಯಿಂದ ಹೋಗುತ್ತದೆ. ಆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿರುವವನು ನಾನು, ಹೆಸರು ರುದ್ರಯ್ಯ. ಕೆರೆ ಏರಿಯ ಕೆಳಗೆ ಹಳದಿ ಕಟ್ಟಡ, ಮಹಡಿಯ ಮೇಲೆ ಯಂತ್ರ, ಯಂತ್ರದ ಮುಂದೆ ನನ್ನ ಕುರ್ಚಿ. ದಿನಾ ಐದೂವರೆಗೆ ಊರಿನ ಪಟ್ಟಿಯನ್ನು ಯಂತ್ರಕ್ಕೆ ಕೊಡುತ್ತೇನೆ. ಪಟ್ಟಿಯಲ್ಲಿ ಮೊದಲು ಊರು, ಊರಿನೊಳಗೆ ಕೇರಿಗಳು, ಕೇರಿಯೊಳಗೆ ಬೀದಿಗಳು, ಮನೆಗಳು. ಪಟ್ಟಿಯ ಜೊತೆಗೆ, ಯಾವುದನ್ನು ಹೇಗೆ ಮಾಡಬೇಕೆಂದು ಯಂತ್ರಕ್ಕೆ ಹೇಳುವ ಒಂದು ಸ್ಟೈಲ್‌ಶೀಟ್ ಇರುತ್ತದೆ. ಎಕ್ಸ್‌ಎಸ್‌ಎಲ್‌ಟಿ ಎಂಬ ಯಂತ್ರದ ಭಾಷೆಯಲ್ಲಿ ಬರೆದದ್ದು, ಬರೆದವನು ನಾನೇ. ಅದರಲ್ಲಿ ಊರಿಗೆ ಒಂದು ಟೆಂಪ್ಲೇಟ್, ಕೇರಿಗೆ ಒಂದು, ಬೀದಿಗೆ ಒಂದು, ಮನೆಗೆ ಒಂದು. ಟೆಂಪ್ಲೇಟ್ ಎಂದರೆ ಅಚ್ಚು ಎಂದುಕೊಳ್ಳಿ. ಯಂತ್ರ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು, ಯಾವುದಕ್ಕೆ ಯಾವ ಅಚ್ಚೋ ಅದನ್ನು ಒತ್ತುತ್ತಾ ಹೋಗುತ್ತದೆ. ಆರು ಗಂಟೆಗೆ ಬೀದಿಗಳಲ್ಲಿ ಬೆಳಗಾಗುತ್ತದೆ, ಮನೆಗಳಲ್ಲೂ ಆರಕ್ಕೇ ಆಗುತ್ತದೆ.

ಮನೆಯ ಬೆಳಗು ಮನೆಯ ಒಳಗೇ ಹುಟ್ಟುತ್ತದೆ. ಗೋಡೆಯಿಂದ, ನೆಲದಿಂದ, ಅಡುಗೆಮನೆಯ ಡಬ್ಬಗಳ ಸಂದಿಯಿಂದ ನಿಧಾನವಾಗಿ ಮೇಲೇಳುತ್ತದೆ. ಬೀದಿಯ ಬೆಳಕು ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ, ಮನೆಯ ಬೆಳಕು ಹೊಸ್ತಿಲು ದಾಟಿ ಹೊರಗೆ ಹೋಗುವುದಿಲ್ಲ. ಆದ್ದರಿಂದ ನಮ್ಮಲ್ಲಿ ಪರದೆ ಮಾರುವವರು ಯಾರೂ ಇಲ್ಲ. ಹೊಸದಾಗಿ ಬಂದ ಬಾಡಿಗೆಯವರು ಮೊದಲ ವಾರ ಕಿಟಕಿಗೆ ಸೀರೆ ಕಟ್ಟಿ, ಎರಡನೆಯ ವಾರ ಬಿಚ್ಚಿ ಉಟ್ಟುಕೊಳ್ಳುತ್ತಾರೆ.

ಇಪ್ಪತ್ತೆರಡು ವರ್ಷದಲ್ಲಿ ಒಂದು ಬೆಳಗೂ ತಪ್ಪಿರಲಿಲ್ಲ. ಇದನ್ನು ನಾನು ಹೇಳುತ್ತಿರಲಿಲ್ಲ, ಬೇರೆಯವರು ಹೇಳುವಂತೆ ಮಾತು ತಿರುಗಿಸುತ್ತಿದ್ದೆ. ಮದುವೆ ಮನೆಯಲ್ಲಿ ಪಕ್ಕದವರು "ಏನು ಸ್ವಾಮಿ, ಎಲ್ಲಿ ಕೆಲಸ?" ಎಂದರೆ ಸಾಕು, ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ವರ್ಷಕ್ಕೊಮ್ಮೆ ಕಚೇರಿಗೆ ಹೊಸದಾಗಿ ಸೇರಿದವರಿಗೆ ನಾನು ಪಾಠವನ್ನೂ ಮಾಡುತ್ತಿದ್ದೆ. ಪ್ಯಾರಾಮೀಟರ್ ಎಂದರೇನು, ವೇರಿಯಬಲ್ ಎಂದರೇನು, ಇವೆರಡಕ್ಕೆ ವ್ಯತ್ಯಾಸವೇನು ಎಂದು ಬೋರ್ಡಿನ ಮೇಲೆ ಬರೆದು, ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳುತ್ತಿದ್ದೆ. ಆ ಪಾಠ ನನಗೇ ಅರ್ಥವಾಗಿರಲಿಲ್ಲ ಎಂದು ತೋರಿಸಿಕೊಟ್ಟವರು ಬಾವಿಕೇರಿಯ ಟೈಲರ್ ಲೂರ್ದಮ್ಮ. ಅವರ ಬಗ್ಗೆ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಲೂರ್ದಮ್ಮ ಕಚೇರಿಗೆ ಬಂದದ್ದು ಒಂದು ಸೋಮವಾರ. ಬಾವಿಕೇರಿಯ ಒಂಬತ್ತನೇ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಗಂಡ ತೀರಿಕೊಂಡ ಮೇಲೆ ಒಬ್ಬರೇ ದುಡಿದು ಮಗಳನ್ನು ಸಾಕುತ್ತಿದ್ದ ಹೆಂಗಸು. ಮಗಳು ಸೆಲಿನ್, ಏಳು ವರ್ಷ. ನಾಲ್ಕನೆಯ ವಯಸ್ಸಿಗೆ ಆ ಮಗುವಿನ ಎರಡು ಕಣ್ಣಿಗೂ ಪೊರೆ ಬಂದು, ಕೊನೆಕೊನೆಗೆ ಅಮ್ಮನ ಮುಖವೂ ಕಾಣದಂತಾಗಿತ್ತು. ಪಟ್ಟಣದಿಂದ ಬರುವ ಡಾಕ್ಟರ್ ಇನಾಯತ್ ಹಿಂದಿನ ವಾರ ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಕಣ್ಣಿಗೆ ಕಟ್ಟು ಕಟ್ಟಿ ಕಳಿಸಿದ್ದರು.

"ಗುರುವಾರ ಕಟ್ಟು ಬಿಚ್ತಾರೆ ಸ್ವಾಮಿ" ಎಂದರು ಲೂರ್ದಮ್ಮ, ನಿಂತುಕೊಂಡೇ. "ಕತ್ತಲಲ್ಲೇ ಬಿಚ್ಚಬೇಕಂತೆ. ಮೊದಲು ಕಣ್ಣಿಗೆ ತಾಗೋ ಬೆಳಕು ಬೆಳಗಿಂದೇ ಆಗಿರಬೇಕಂತೆ, ಕೆಳಗಿಂದ ಮೆಲ್ಲಗೆ ಏರಬೇಕಂತೆ. ದೀಪ ಹಚ್ಚಿದ್ರೆ ಕಣ್ಣಿಗೆ ಚುಚ್ಚುತ್ತೆ, ಒಳಗಿನ ಗಾಯ ಬಿಟ್ಕೊಂಡ್ರೆ ಮುಗೀತು, ಜನ್ಮಕ್ಕೆ ಕಣ್ಣಿಲ್ಲ ಅಂದ್ರು. ಬೆಳಕು ಏರೋವಾಗ ಡಾಕ್ಟ್ರು ಪಕ್ಕದಲ್ಲೇ ಕೂತು ಔಷಧಿ ಬಿಡ್ತಾ ಇರಬೇಕು. ಅವರ ಬಸ್ಸು ಬರೋದು ಹತ್ತೂವರೆಗೆ, ನಮ್ಮನೇಲಿ ಬೆಳಗಾಗೋದು ಆರಕ್ಕೆ. ಗುರುವಾರ ಒಂದು ದಿನ ನಮ್ಮನೆಗೆ ಹನ್ನೊಂದಕ್ಕೆ ಬೆಳಗು ಮಾಡಿಕೊಡಿ." ಡಾಕ್ಟರು ನಮ್ಮ ಊರಿಗೆ ಬರುವುದು ತಿಂಗಳಿಗೆ ಒಂದೇ ಗುರುವಾರ. ಮಧ್ಯಾಹ್ನದ ಬಸ್ಸಿಗೆ ಹೊರಟರೆ ಮುಗಿಯಿತು, ಮುಂದಿನ ತಿಂಗಳವರೆಗೆ ಕಟ್ಟು ಇಡುವಂತಿರಲಿಲ್ಲ.

ನಾನು ನಕ್ಕೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಮುಖ ಮಾಡಿಕೊಂಡು ಬಂದಿದ್ದಾರಲ್ಲ ಎಂದು. "ಅಮ್ಮಾ, ಹೋಗಿ ನಿಶ್ಚಿಂತೆಯಾಗಿ ಹೊಲೀರಿ. ಪಟ್ಟಿಯ ಜೊತೆಗೆ ಒಂದು ಚೀಟಿ ಕಳಿಸ್ತೀನಿ, ಬಾವಿಕೇರಿ, ಒಂಬತ್ತನೇ ಮನೆ, ಹೊತ್ತು ಹನ್ನೊಂದು. ಅಷ್ಟೇ" ಎಂದೆ. ಅವರು ಹೋಗಲಿಲ್ಲ. "ಯಾರಾದ್ರೂ ಹಿಂಗೆ ಮುಂಚೆ ಕೇಳಿದ್ರಾ?" ಎಂದರು. ಯೋಚಿಸಿದೆ, ಯಾರೂ ಕೇಳಿರಲಿಲ್ಲ. "ಹಂಗಾದ್ರೆ ನಾಳೆ ಒಂದು ಸಲ ಮಾಡಿ ನೋಡಣ. ಹೊಸ ಗಿರಾಕಿ ಬಟ್ಟೆನ ನಾನು ಒಂದ್ಸಲ ತೊಡಿಸಿ ನೋಡ್ದೇ ಕೊಡಲ್ಲ" ಎಂದರು. ಅನುಮಾನ ನನಗೆ ಹಿಡಿಸಲಿಲ್ಲ, ಆದರೂ ಆಗಲಿ ಎಂದೆ.

ಮಂಗಳವಾರ ಏಳು ಗಂಟೆಗೆ ಅವರು ಮೆಟ್ಟಿಲು ಹತ್ತಿ ಬಂದರು. "ಆರಕ್ಕೇ ಆಯ್ತು ಸ್ವಾಮಿ. ಆರೂ ಹತ್ತಕ್ಕೆ ಸೂಜಿಗೆ ದಾರ ಪೋಣಿಸಿದೆ" ಎಂದರು. ಸಿಟ್ಟಿರಲಿಲ್ಲ, ಸುಮ್ಮನೆ ನಡೆದದ್ದನ್ನು ಹೇಳಿದರು. ಯಂತ್ರ ನೋಡಿದೆ. ಚೀಟಿ ಹೋಗಿತ್ತು, ಊರಿನ ಟೆಂಪ್ಲೇಟ್ ಅದನ್ನು ತೆಗೆದುಕೊಂಡೂ ಇತ್ತು. ತಪ್ಪಾಗಿದೆ ಎಂದು ಯಂತ್ರ ಒಂದು ಮಾತೂ ಆಡಿರಲಿಲ್ಲ. ಅದರ ಸ್ವಭಾವವೇ ಹಾಗೆ. ಕೊಟ್ಟದ್ದು ಯಾರ ಕೈಗೂ ಸೇರದಿದ್ದರೆ ಅದು ದೂರುವುದಿಲ್ಲ, ಕೆಮ್ಮುವುದೂ ಇಲ್ಲ, ಎಂದಿನಂತೆ ಆರು ಗಂಟೆಗೆ ಬೆಳಗು ಮಾಡಿ ಸುಮ್ಮನಾಗುತ್ತದೆ.

ನನಗೆ ಅವಮಾನವಾಗಿತ್ತು, ಅವಸರವೂ ಆಗಿತ್ತು. "ಕರೆಂಟು ಏರುಪೇರಾಗಿರಬೇಕು, ನಾಳೆ ಸರಿಹೋಗುತ್ತೆ" ಎಂದು ಒಂದು ಸುಳ್ಳು ಹೇಳಿ ಅವರನ್ನು ಕಳಿಸಿದೆ. ಆಮೇಲೆ ಮನೆಯ ಟೆಂಪ್ಲೇಟ್ ತೆರೆದೆ. ನಾನೇ ಇಪ್ಪತ್ತೆರಡು ವರ್ಷದ ಹಿಂದೆ ಬರೆದ ಸಾಲು ಎದುರಿಗೇ ಇತ್ತು: ವೇರಿಯಬಲ್, ಹೆಸರು ಹೊತ್ತು, ಆರು. ಓಹೋ ಇಲ್ಲಿದೆಯಾ ಎಂದು ಆರನ್ನು ಅಳಿಸಿ ಹನ್ನೊಂದು ಎಂದು ಬರೆದೆ. ನನ್ನ ತಲೆಯಲ್ಲಿ ಆ ಹೊತ್ತಿಗೆ ಇದ್ದದ್ದು ಒಂದೇ ಮನೆ. ಊರಿನ ಸಾವಿರದ ಇನ್ನೂರು ಮನೆಗೂ ಇದೇ ಒಂದು ಟೆಂಪ್ಲೇಟ್ ಎಂಬುದು ಬೆರಳು ಒತ್ತುವಾಗ ನೆನಪಾಗಲೇ ಇಲ್ಲ. ಇಂಥ ತಪ್ಪನ್ನು ಹೊಸಬರು ಮಾಡುವುದಿಲ್ಲ, ಅವರು ಹೆದರಿ ಎರಡು ಸಲ ನೋಡುತ್ತಾರೆ. ಇಪ್ಪತ್ತೆರಡು ವರ್ಷ ತಪ್ಪೇ ಮಾಡದವನು ಮಾಡುವ ತಪ್ಪು ಇದು.

ಬುಧವಾರ ಬೀದಿಗಳಲ್ಲಿ ಆರಕ್ಕೆ ಬೆಳಗಾಯಿತು. ಮನೆಗಳಲ್ಲಿ ಆಗಲಿಲ್ಲ. ಸಾವಿರದ ಇನ್ನೂರು ಮನೆಗಳೂ ಕಪ್ಪಗೆ ಬಾಯಿ ತೆರೆದುಕೊಂಡು ನಿಂತಿದ್ದವು. ಮೊದಲು ಜನ ಹೊಸ್ತಿಲ ಮೇಲೆ ನಿಂತು ಒಂದು ಕಾಲು ಬೆಳಕಿನಲ್ಲಿ, ಒಂದು ಕಾಲು ಕತ್ತಲಿನಲ್ಲಿ ಇಟ್ಟು ನೋಡಿದರು. ಆಮೇಲೆ ನಮ್ಮ ಜನರ ಗುಣ ನೋಡಿ, ನನಗೆ ಈಗಲೂ ಹೆಮ್ಮೆ. ಯಾರೂ ಕಿರುಚಾಡಲಿಲ್ಲ. ಅರ್ಧ ಗಂಟೆಯೊಳಗೆ ಇಡೀ ಊರು ತನ್ನ ಸಂಸಾರವನ್ನು ಬೀದಿಗೆ ತಂದುಕೊಂಡಿತು. ಒಲೆಗಳು ಬಂದವು, ಕನ್ನಡಿಗಳು ಬಂದವು, ಹಾಸಿಗೆ ಹಿಡಿದ ಮುದುಕರನ್ನು ಮಂಚದ ಸಮೇತ ಎತ್ತಿಕೊಂಡು ಬಂದರು. ನಾಲ್ಕು ವರ್ಷದಿಂದ ಮಾತುಬಿಟ್ಟ ಎರಡು ಮನೆಯ ಹೆಂಗಸರು ಒಂದೇ ಒಲೆಯ ಮೇಲೆ ಚಹಾ ಕಾಯಿಸಿದರು. ಪಟ್ಟಿ ಕೊಟ್ಟು ಕೆಳಗಿಳಿದಿದ್ದ ನಾನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅವರ ನಡುವೆ ಕಚೇರಿಗೆ ವಾಪಸು ನಡೆದೆ.

ಕಚೇರಿಯಲ್ಲಿ ಮೇಲ್ವಿಚಾರಕ ಹನುಮಂತರಾಯರು ಅರ್ಧ ಗಡ್ಡ ಹೆರೆದುಕೊಂಡು ಕಾಯುತ್ತಿದ್ದರು. ಅವರ ರೇಜರು ಕತ್ತಲಲ್ಲಿ ಎಲ್ಲೋ ಬಿದ್ದುಹೋಗಿತ್ತಂತೆ. "ಏನ್ರೀ ರುದ್ರಯ್ಯ, ಏನಿದು?" ಎಂದರು. ನಾನು ಉದ್ದನೆಯ ಸಬೂಬೊಂದನ್ನು ಜೋಡಿಸುತ್ತಿದ್ದೆ, ಅಷ್ಟರಲ್ಲಿ ಲೂರ್ದಮ್ಮ ಬಂದರು. ಕೊರಳಲ್ಲಿ ಅಳತೆ ಟೇಪು ಹಾಗೇ ಜೋತುಬಿದ್ದಿತ್ತು. ಹೊಲಿಗೆ ಯಂತ್ರವನ್ನು ಬೀದಿಗೆ ಎಳೆದುಕೊಂಡು ಕೆಲಸ ಶುರುಮಾಡಿದ್ದರಂತೆ, ಮಗಳನ್ನು ಪಕ್ಕದ ಮನೆಯವರ ತೊಡೆಯ ಮೇಲೆ ಕೂರಿಸಿ ಬಂದಿದ್ದರು.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ಸ್ವಾಮಿ, ನಾನು ಕೇಳಿದ್ದು ಒಂದು ಮನೆಗೆ" ಎಂದರು. "ನನ್ನ ಮಗಳ ಅಳತೆ ಊರಿಗೆಲ್ಲ ಯಾಕೆ ಹೊಲಿದ್ರಿ? ಅದೇನು ಬರೆದಿದ್ದೀರೋ ನನಗೆ ಓದಿ ಹೇಳಿ." ಹನುಮಂತರಾಯರು ಇದೆಲ್ಲ ಇವರಿಗೆ ಯಾಕೆ ಎನ್ನುವಂತೆ ನೋಡಿದರು. ನನಗೆ ಬೇರೆ ದಾರಿ ಇರಲಿಲ್ಲ, ಓದಿದೆ. "ಮನೆಯ ಟೆಂಪ್ಲೇಟ್. ವೇರಿಯಬಲ್, ಹೊತ್ತು, ಹನ್ನೊಂದು."

"ವೇರಿಯಬಲ್ ಅಂದ್ರೆ?"

"ಟೆಂಪ್ಲೇಟ್ ತನ್ನೊಳಗೆ ತಾನೇ ಗೊತ್ತುಮಾಡಿ ಇಟ್ಟುಕೊಂಡಿರೋದು. ಒಂದು ಸಲ ಇಟ್ಟರೆ ಆಯ್ತು, ಆ ಕೆಲಸ ಮುಗಿಯೋವರೆಗೆ ಬದಲಾಗಲ್ಲ. ಹೊರಗಿನವರು ಏನು ಕೊಟ್ಟು ಕಳಿಸಿದರೂ ಅದು ತಿರುಗಿ ನೋಡಲ್ಲ."

"ಹೊರಗಿನೋರು ಕೊಟ್ಟಿದ್ದನ್ನ ತಗೊಳ್ಳೋದಕ್ಕೆ ನಿಮ್ಮಲ್ಲಿ ಏನೂ ಇಲ್ವಾ?"

"ಇದೆ. ಅದಕ್ಕೆ ಪ್ಯಾರಾಮೀಟರ್ ಅಂತೀವಿ. ಕೊಟ್ಟರೆ ಕೊಟ್ಟದ್ದನ್ನ ತಗೊಳ್ಳುತ್ತೆ, ಏನೂ ಕೊಡದಿದ್ದರೆ ನಾವು ಮೊದಲೇ ಬರೆದಿಟ್ಟದ್ದನ್ನ ಹಾಕಿಕೊಳ್ಳುತ್ತೆ." ಇದು ನಾನು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆಯುತ್ತಿದ್ದ ಸಾಲು. ಬಾಯಿಂದ ಹೊರಗೆ ಬರುತ್ತಿದ್ದ ಹಾಗೆ ನನ್ನ ಕಿವಿ ಬಿಸಿಯಾಯಿತು.

ಲೂರ್ದಮ್ಮ ಮೇಜಿನ ಮೇಲಿದ್ದ ಹಳೆ ಕಾಗದವೊಂದನ್ನು ಎಳೆದುಕೊಂಡು ಪೆನ್ಸಿಲಿನಿಂದ ಒಂದು ಅಂಗಿಯ ಅರ್ಧ ಬರೆದರು. ಎರಡೇ ಗೆರೆ, ನೋಡುತ್ತಿದ್ದಂತೆ ಅಂಗಿ. "ಇದು ನನ್ನ ಅಚ್ಚು. ಹೊಲಿಗೆಗೆ ಅಂತ ಅರ್ಧ ಇಂಚು ಬಿಡ್ತೀನಿ. ಅದು ನನ್ನದು. ಗಿರಾಕಿ ಕಾಲಿಂಚು ಸಾಕು ಅಂದ್ರೂ ಕೇಳಲ್ಲ, ಕೇಳಿದ್ರೆ ಬಟ್ಟೆ ಹರೀತದೆ. ಎದೆ ಅಳತೆ ಗಿರಾಕಿದು. ಅವರೇ ತರಬೇಕು. ಬಟ್ಟೆ ಮಾತ್ರ ಕಳಿಸಿ ಅಳತೆ ಕಳಿಸದೇ ಇದ್ರೆ ಮೂವತ್ತಾರು ಅಂತ ಇಟ್ಕೊಂಡು ಹೊಲೀತೀನಿ, ಬಹಳ ಜನಕ್ಕೆ ಅದು ಆಗುತ್ತೆ. ಹೊಲಿಗೆ ಅಂಚು ನಂದು, ಎದೆ ಅವರದು. ಇವೆರಡನ್ನ ಕಲಸಿದರೆ ಟೈಲರ್ ಕೆಲಸ ಬಿಟ್ಟು ಮೂಟೆ ಹೊಲಿಯೋಕೆ ಹೋಗ್ಬೇಕು." ಪೆನ್ಸಿಲನ್ನು ಕಾಗದದ ಮೇಲೆ ಅಡ್ಡ ಇಟ್ಟರು. "ನೀವು ಗಿರಾಕಿ ಎದೆ ಅಳತೆನ ಹೊಲಿಗೆ ಅಂಚಿನ ಜಾಗದಲ್ಲಿ ಬರೆದಿದ್ದೀರಿ ಸ್ವಾಮಿ. ಊರಲ್ಲಿ ಎಲ್ಲರ ಎದೆನೂ ಮೂವತ್ತಾರೇ ಇದ್ದಿದ್ದಕ್ಕೆ ಇಪ್ಪತ್ತೆರಡು ವರ್ಷ ಗೊತ್ತಾಗ್ಲಿಲ್ಲ."

ನಾನು ಆ ಅರ್ಧ ಅಂಗಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಓದು ಆರನೇ ಕ್ಲಾಸಿಗೇ ಮುಗಿಸಿದ ಹೆಂಗಸು, ನನ್ನ ಸ್ಟೈಲ್‌ಶೀಟನ್ನು ಒಂದು ಸಾಲು ಕೇಳಿ ಬಿಚ್ಚಿಟ್ಟಿದ್ದರು. ನನ್ನ ಶಿಷ್ಯರಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ, ನಾನಂತೂ ಹೇಳಿರಲೇ ಇಲ್ಲ. ಬೆಳಗು ಎಷ್ಟು ನಿಧಾನವಾಗಿ ಏರಬೇಕು, ಯಾವ ಬಣ್ಣದಿಂದ ಶುರುವಾಗಬೇಕು ಎಂಬುದು ನಮ್ಮ ಕಚೇರಿಯ ಕಸುಬು, ಅದನ್ನು ವೇರಿಯಬಲ್ ಮಾಡಿ ಭದ್ರವಾಗಿ ಇಟ್ಟದ್ದು ಸರಿ. ಯಾವ ಹೊತ್ತಿಗೆ ಎಂಬುದು ಆ ಮನೆಯಲ್ಲಿ ಏಳುವವರಿಗೆ ಬಿಟ್ಟದ್ದು. ಅದನ್ನು ಕೇಳಿಕೊಳ್ಳಲು ಒಂದು ಬಾಗಿಲು ಇಡಬೇಕು ಎಂದು ನನಗೆ ಹೊಳೆದಿರಲಿಲ್ಲ.

"ಇನ್ನೊಂದು" ಎಂದರು ಲೂರ್ದಮ್ಮ. "ನನ್ನ ಚೀಟಿ ನಿಮ್ಮ ಕೈಯಿಂದ ನಮ್ಮನೆಗೆ ನೇರ ಹೋಗುತ್ತೋ, ನಡುವೆ ಯಾರ ಕೈಯಾದ್ರೂ ದಾಟುತ್ತೋ?"

"ಊರಿನ ಟೆಂಪ್ಲೇಟ್‌ಗೆ ಹೋಗುತ್ತೆ. ಅದು ಕೇರಿ ಟೆಂಪ್ಲೇಟನ್ನ ಕರೆಯುತ್ತೆ, ಕೇರಿ ಮನೆಯನ್ನ ಕರೆಯುತ್ತೆ."

"ಕೇರಿಯೋನು ಚೀಟಿನ ಮುಂದಕ್ಕೆ ಕೊಡ್ತಾನಾ? ನನ್ನ ಹತ್ರ ಒಬ್ಬ ಕಟಿಂಗ್ ಮಾಡೋನಿದ್ದ. ಬಟ್ಟೆ ಬಂದ್ರೆ ಬಟ್ಟೆ ಕೊಡ್ತಿದ್ದ, ಅಳತೆ ಚೀಟಿ ಜೇಬಲ್ಲೇ. ಕೇಳಿದ್ರೆ, ನೀವು ಚೀಟಿ ಕೊಡು ಅಂತ ಹೇಳಲೇ ಇಲ್ವಲ್ಲಾ ಅನ್ನೋನು."

ಕೇರಿಯ ಟೆಂಪ್ಲೇಟ್ ತೆರೆದು ನೋಡಿದೆ. ಮನೆಯನ್ನು ಕರೆಯುವ ಸಾಲು ಇತ್ತು, ಜೊತೆಗೆ ಏನನ್ನೂ ಕೊಟ್ಟು ಕಳಿಸಿರಲಿಲ್ಲ. ಚೀಟಿ ಬಂದರೂ ಅಲ್ಲೇ ಜೇಬಿನಲ್ಲಿ ಉಳಿಯುತ್ತಿತ್ತು. ಮನೆಯ ಟೆಂಪ್ಲೇಟನ್ನು ಮಾತ್ರ ತಿದ್ದಿದ್ದರೆ ಗುರುವಾರವೂ ಆರಕ್ಕೇ ಬೆಳಗಾಗುತ್ತಿತ್ತು. ಈ ಹೆಂಗಸಿಗೆ ಕೈಮುಗಿಯಬೇಕು ಅನ್ನಿಸಿತು, ಮುಗಿದೂಬಿಟ್ಟೆ. ಅವರು "ಕೈ ಮುಗಿಯೋದು ಆಮೇಲೆ, ಮೊದಲು ತಿದ್ದಿ" ಎಂದರು.

ಅಷ್ಟು ಹೊತ್ತಿಗೆ ಹನುಮಂತರಾಯರು ಎದ್ದು ನಿಂತಿದ್ದರು. ಅವರು ಕೆಟ್ಟವರಲ್ಲ, ಹೆದರಿದ್ದರು. "ಯಾರೂ ಏನೂ ಮುಟ್ಟಬೇಡಿ. ಆ ಹನ್ನೊಂದನ್ನ ಆರು ಮಾಡಿ, ಬಾಗಿಲು ಹಾಕಿ. ಯಾಕೆ ಹೀಗಾಯ್ತು ಅಂತ ವಿಚಾರಣೆ ಆಗಲಿ, ಆಮೇಲೆ ತಿದ್ದೋದು. ನಾಳೆ ಇನ್ನೊಂದು ಎಡವಟ್ಟಾದರೆ ನನ್ನ ಪೆನ್ಷನ್ ಹೋಗುತ್ತೆ ಕಣ್ರೀ." ವಿಚಾರಣೆ ಎಂದರೆ ಕಡಿಮೆಯೆಂದರೂ ಹದಿನೈದು ದಿನ. ಲೂರ್ದಮ್ಮ ಅವರ ಕಡೆಗೆ ತಿರುಗಿದರು. "ರಾಯರೇ, ನಾಳೆ ಬಿಟ್ರೆ ನನ್ನ ಮಗಳಿಗೆ ನಾಳೆ ಇಲ್ಲ" ಎಂದರು. ಧ್ವನಿ ಏರಲಿಲ್ಲ. ಟೇಪಿನ ಎರಡು ತುದಿಯನ್ನೂ ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು.

ವಿಚಾರಣೆ ಬೇಕಾಗುವುದು ತಪ್ಪು ಯಾರದು ಎಂದು ಗೊತ್ತಿಲ್ಲದಿದ್ದಾಗ. ನಾನು ಕಚೇರಿಯ ದೊಡ್ಡ ರಿಜಿಸ್ಟರ್ ತೆಗೆದು ಬರೆದೆ: ಇಂದಿನ ಕತ್ತಲು ನನ್ನ ಕೈಯದು. ಕರೆಂಟಿನದಲ್ಲ, ಯಂತ್ರದ್ದಲ್ಲ. ಕೇಳಿ ತೆಗೆದುಕೊಳ್ಳಬೇಕಾದ್ದನ್ನು ಕೇಳದೆ ಇಟ್ಟುಕೊಂಡಿದ್ದೆ, ಇಪ್ಪತ್ತೆರಡು ವರ್ಷ. ನಾಳೆ ಏನಾದರೂ ತಪ್ಪಾದರೆ ಅದೂ ನನ್ನದೇ. ರುದ್ರಯ್ಯ. ಸಹಿ ಹಾಕಿ ರಾಯರ ಮುಂದೆ ಇಟ್ಟೆ. ರಾಯರು ಅದನ್ನು ಎರಡು ಸಲ ಓದಿ, ಹೆರೆಯದ ಕಡೆಯ ಗಡ್ಡ ಕೆರೆದುಕೊಂಡರು. "ಇಷ್ಟು ಬರೆದಮೇಲೆ ನಾನೇನು ಹೇಳೋದು. ಮಾಡಿ. ನಾನು ಇಲ್ಲೇ ಕೂತಿರ್ತೀನಿ" ಎಂದು ಕುರ್ಚಿ ಎಳೆದುಕೊಂಡರು.

ಹನ್ನೊಂದು ಗಂಟೆಗೆ ಮನೆಗಳಲ್ಲಿ ಬೆಳಗಾಯಿತು. ಜನ ಒಲೆ, ಮಂಚ, ಕನ್ನಡಿ ಎಲ್ಲವನ್ನೂ ಒಳಗೆ ಸಾಗಿಸುತ್ತಿದ್ದ ಸದ್ದು ನಮಗೆ ಕೇಳುತ್ತಿತ್ತು. ನಾನು ತಿದ್ದಲು ಕೂತೆ. ಮನೆಯ ಟೆಂಪ್ಲೇಟಿನಲ್ಲಿ ವೇರಿಯಬಲ್ ಎಂಬುದನ್ನು ತೆಗೆದು ಪ್ಯಾರಾಮೀಟರ್ ಎಂದು ಬರೆದೆ. "ಕೇಳದೋರಿಗೆ ಆರೇ ಇರಲಿ" ಎಂದು ಲೂರ್ದಮ್ಮ ಹಿಂದಿನಿಂದ ಹೇಳಿದರು. "ಊರಿನೋರು ಇವತ್ತು ಪಟ್ಟಿದ್ದು ಸಾಕು." ಆರೇ ಇಟ್ಟೆ. ಊರಿನ ಟೆಂಪ್ಲೇಟ್ ಚೀಟಿಯನ್ನು ಕೇರಿಗೆ ಕೊಡುವಂತೆ ಮಾಡಿದೆ, ಕೇರಿಯ ಟೆಂಪ್ಲೇಟ್ ಅದನ್ನು ತೆಗೆದುಕೊಳ್ಳುವಂತೆ ಮಾಡಿದೆ, ಚೀಟಿಯಲ್ಲಿರುವ ಮನೆಯನ್ನು ಕರೆಯುವಾಗ ಅದನ್ನು ಕೈಗೆ ಕೊಡುವಂತೆಯೂ ಮಾಡಿದೆ. ಎಲ್ಲ ಸೇರಿ ಬದಲಾದದ್ದು ನಾಲ್ಕೇ ಸಾಲು. ಆದರೆ ತೊಡಿಸಿ ನೋಡಲು ಇನ್ನೊಂದು ಬೆಳಗು ನಮ್ಮ ಕೈಯಲ್ಲಿರಲಿಲ್ಲ. ಇದನ್ನು ಅವರಿಗೆ ಹೇಳಿದೆ. "ಗೊತ್ತು" ಎಂದರು. "ಒಂದೊಂದ್ಸಲ ಮದುವೆ ಮಂಟಪಕ್ಕೆ ಹೋಗಿ ಮದುಮಗಳ ಮೈಮೇಲೇ ಹೊಲೀಬೇಕಾಗುತ್ತೆ."

ಗುರುವಾರ ಪಟ್ಟಿಯನ್ನೂ ಚೀಟಿಯನ್ನೂ ಯಂತ್ರಕ್ಕೆ ಕೊಟ್ಟು, ಆರು ಹೊಡೆಯುವ ಮೊದಲೇ ಮೆಟ್ಟಿಲಿಳಿದು ಓಡಿದೆ. ಐವತ್ತೈದರ ಮನುಷ್ಯ ಪಂಚೆ ಎತ್ತಿಕೊಂಡು ಓಡುವುದನ್ನು ಊರು ಅಂದು ನೋಡಿತು. ಬಾವಿಕೇರಿಗೆ ಬರುವ ಹೊತ್ತಿಗೆ ಬೀದಿ ಬೆಳಗಾಗಿತ್ತು. ಒಂದನೇ ಮನೆ ಬೆಳಗಾಗಿತ್ತು. ಐದು, ಆರು, ಏಳು, ಎಂಟು, ಎಲ್ಲ ಬೆಳಕು. ಹತ್ತನೇ ಮನೆಯಲ್ಲಿ ಯಾರೋ ಅನ್ನ ಬಸಿಯುತ್ತಿದ್ದರು. ನಡುವೆ ಒಂಬತ್ತನೇ ಮನೆಯ ಬಾಗಿಲು ತೆರೆದಿತ್ತು, ಒಳಗೆ ಗಾಢವಾದ ಕತ್ತಲು. ಅಷ್ಟು ಚೆಂದದ ಕತ್ತಲನ್ನು ನಾನು ನನ್ನ ಆಯುಸ್ಸಿನಲ್ಲಿ ನೋಡಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತು ಏದುಸಿರು ಬಿಟ್ಟೆ.

ಕೇರಿಯವರು ಒಬ್ಬೊಬ್ಬರಾಗಿ ಬಂದು ಸೇರಿದರು. ಯಾರೂ ಹೊಸ್ತಿಲು ದಾಟಲಿಲ್ಲ. ಒಬ್ಬರು ಕಾಫಿ ತಂದರೆ ಇನ್ನೊಬ್ಬರು ಅದನ್ನು ಕತ್ತಲೊಳಗೆ ಕೈ ಚಾಚಿ ಕೊಟ್ಟರು, ಒಳಗಿನಿಂದ ಒಂದು ಕೈ ಬಂದು ಲೋಟ ತೆಗೆದುಕೊಂಡಿತು. ಒಳಗೆ ಮಗು ಏನೋ ಕೇಳುತ್ತಿತ್ತು, ಲೂರ್ದಮ್ಮ ಮೆಲ್ಲಗೆ ಉತ್ತರ ಹೇಳುತ್ತಿದ್ದರು. ನನಗೆ ಹೊಸ ಹೆದರಿಕೆ ಹತ್ತಿಕೊಂಡಿತ್ತು. ಆರನ್ನು ತಪ್ಪಿಸಿದ್ದೇನೆ ಸರಿ. ಹನ್ನೊಂದಕ್ಕೆ ಬೆಳಗು ನಿಜವಾಗಿ ಬರುತ್ತದೆಯೇ? ಬರದೇ ಹೋದರೆ ಯಂತ್ರ ಅದನ್ನೂ ನನಗೆ ಹೇಳುವುದಿಲ್ಲ.

ಹತ್ತೂವರೆಯ ಬಸ್ಸು ಹತ್ತು ನಲವತ್ತಕ್ಕೆ ಬಂತು. ಡಾಕ್ಟರ್ ಇನಾಯತ್ ಸಣ್ಣ ಆಳು, ದೊಡ್ಡ ಚೀಲ. ಬಾಗಿಲಲ್ಲಿ ನಿಂತು ಒಳಗೆ ನೋಡಿ, "ಯಾರು ಮಾಡಿದ್ದು ಇದು?" ಎಂದರು. ಕೇರಿಯವರು ನನ್ನ ಕಡೆ ಕೈ ತೋರಿಸಿದರು. "ಒಳಗಿರುವವರು" ಎಂದೆ. "ಬನ್ನಿ, ಔಷಧಿ ಬಾಟಲಿ ಹಿಡಿದುಕೊಳ್ಳೋಕೆ ಒಬ್ಬರು ಬೇಕು" ಎಂದು ನನ್ನ ತೋಳು ಹಿಡಿದು ಕತ್ತಲೊಳಗೆ ಕರೆದುಕೊಂಡು ಹೋದರು. ಮಂಚ ಮೊಣಕಾಲಿಗೆ ತಗುಲಿತು. ಮಗುವಿನ ಉಸಿರು, ಕತ್ತರಿಯ ಸದ್ದು, ಹತ್ತಿ ಬಿಚ್ಚುವ ಸದ್ದು. "ಕಣ್ಣು ಮುಚ್ಚಿಕೊಂಡೇ ಇರು ಪುಟ್ಟಿ, ನಾನು ಹೇಳಿದಾಗ ಬಿಡು" ಎಂದರು ಡಾಕ್ಟರು.

ಮೊದಲು ನನಗೆ ನನ್ನ ಕಾಲ ಬೆರಳುಗಳು ಕಂಡವು. ನೆಲ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಹೊಲಿಗೆ ಯಂತ್ರದ ಚಕ್ರದ ಒಂದು ಅಂಚು, ಆಮೇಲೆ ಗೋಡೆಯ ಕೆಳಗಿನ ಸುಣ್ಣ. ಬೂದು ಹೋಗಿ ತೆಳು ನೇರಳೆ, ನೇರಳೆಯೊಳಗೆ ಎಲ್ಲಿಂದಲೋ ಒಂದಿಷ್ಟು ಕೆಂಪು. ಇಪ್ಪತ್ತೆರಡು ವರ್ಷ ಬೆಳಗು ಕಳಿಸಿದವನು ನಾನು, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು. ಒಂದು ಮನೆಯೊಳಗೆ ಅದು ಹೇಗೆ ಆಗುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಇಷ್ಟು ಚೆನ್ನಾಗಿರುತ್ತದೆ ಎಂದು ಯಾರಾದರೂ ಹೇಳಬಾರದಿತ್ತೇ? ಬಾಟಲಿಯನ್ನು ಡಾಕ್ಟರ ಕೈಗೆ ಎಟಕುವಂತೆ ಹಿಡಿದುಕೊಂಡೆ.

ಡಾಕ್ಟರು ಒಂದೊಂದು ಹನಿ ಬಿಡುತ್ತಾ, ನಡುನಡುವೆ ಬೆಳಕನ್ನು ನೋಡುತ್ತಾ, ಕೊನೆಗೆ "ಈಗ ಬಿಡು" ಎಂದರು. ಸೆಲಿನ್ ಕಣ್ಣು ಬಿಟ್ಟಳು. ರೆಪ್ಪೆ ಬಡಿದಳು, ಮತ್ತೆ ಬಿಟ್ಟಳು. ಮಗು ಮೊದಲು ಛಾವಣಿ ನೋಡಿತು, ಡಾಕ್ಟರ ಮೂಗು ನೋಡಿತು, ಅದರ ನೋಟ ನನ್ನನ್ನು ಹಾಯ್ದು ಹೋಯಿತು. ಆಮೇಲೆ ಮಂಚದ ತುದಿಯಲ್ಲಿ ಕೂತಿದ್ದ ಅಮ್ಮನ ಮೇಲೆ ಕಣ್ಣು ನಿಂತಿತು. ಬಹಳ ಹೊತ್ತು ನಿಂತಿತು. "ಏನು ಕಾಣುತ್ತೆ ಪುಟ್ಟಿ?" ಎಂದು ಡಾಕ್ಟರು ಕೇಳಿದರು.

"ಅಮ್ಮನ ರವಿಕೆ" ಎಂದಿತು ಮಗು. "ಒಂದು ತೋಳು ಉದ್ದ, ಒಂದು ಗಿಡ್ಡ. ಒಂದು ಹಸಿರು, ಇನ್ನೊಂದು ಹಸಿರಲ್ಲ."

ಹೊರಗಿದ್ದವರು ಘೊಳ್ಳೆಂದು ನಕ್ಕರು. ಕೇರಿಗೆಲ್ಲ ಕೂದಲೆಳೆ ತಪ್ಪದೆ ಹೊಲಿದು ಕೊಡುವ ಹೆಂಗಸು, ಉಳಿದ ಚೂರುಗಳನ್ನು ಜೋಡಿಸಿ ತನಗೊಂದು ಹೊಲಿದುಕೊಂಡಿದ್ದರು. ದಿನಾ ನೋಡುತ್ತಿದ್ದ ಕೇರಿಯಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಡಾಕ್ಟರೂ ನಕ್ಕು, ಚೀಲ ಮುಚ್ಚಿದರು. ಇಷ್ಟು ದಿನ ಒಂದು ಹನಿ ಕಣ್ಣೀರೂ ಹಾಕದಿದ್ದ ಲೂರ್ದಮ್ಮ ಆಗ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. "ಹೂಂ ಕಣೇ ಮಗಳೇ" ಎಂದರು ಅಳುತ್ತಲೇ. "ನನ್ನ ಅಳತೆ ತಗೊಳ್ಳೋರು ಯಾರೂ ಇರ್ಲಿಲ್ಲ, ಅದಕ್ಕೇ ಅಂದಾಜಿಗೆ ಹೊಲಿದೆ."

ಸೆಲಿನ್ ಮಂಚದ ಮೇಲೆ ಮೊಣಕಾಲೂರಿ ಸರಿದುಕೊಂಡು ಬಂದಳು. ಅಮ್ಮನ ಭುಜದಿಂದ ಶುರುಮಾಡಿ, ಪುಟ್ಟ ಕೈಯ ಗೇಣು ಹಾಕುತ್ತಾ, ಕಣ್ಣು ಕಿರಿದು ಮಾಡಿ ನೋಡುತ್ತಾ, ಗಟ್ಟಿಯಾಗಿ ಎಣಿಸುತ್ತಾ ತೋಳನ್ನು ಅಳೆಯತೊಡಗಿದಳು.